ಮಾತ್ರೆ ಎಣಿಸಲು ಮನೆಗೆ ಬಂದವರು

1956ರಲ್ಲಿ ಮದರಾಸಿನಲ್ಲಿ ಕ್ಷಯರೋಗ ಚಿಕಿತ್ಸೆಯ ಸಂಶೋಧನಾ ಕೇಂದ್ರವೊಂದು ಶುರುವಾಯಿತು. ಬ್ರಿಟನ್ನಿನ ವೈದ್ಯ ವ್ಯಾಲೇಸ್ ಫಾಕ್ಸ್ ಅದರ ಮುಖ್ಯಸ್ಥರು. ಆಗ ದೇಶದಲ್ಲಿ ರೋಗಿಗಳು ಲಕ್ಷಗಟ್ಟಲೆ ಇದ್ದರು, ಸ್ಯಾನಿಟೋರಿಯಂ ಹಾಸಿಗೆಗಳು ಸಾವಿರಗಳ ಲೆಕ್ಕದಲ್ಲಿದ್ದವು. ರೋಗಿಯನ್ನು ಮನೆಯಲ್ಲೇ ಇಟ್ಟು ಗುಣಪಡಿಸಲು ಸಾಧ್ಯವೇ ಎಂಬುದನ್ನು ಕೇಂದ್ರ ಪರೀಕ್ಷಿಸಬೇಕಿತ್ತು.

193 ರೋಗಿಗಳನ್ನು ಎರಡು ಗುಂಪು ಮಾಡಲಾಯಿತು. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರು ಆರಿಸಲಿಲ್ಲ, ಅದೃಷ್ಟಕ್ಕೆ ಬಿಟ್ಟರು. ಎರಡೂ ಗುಂಪಿಗೆ ಒಂದು ವರ್ಷ ಐಸೋನಿಯಾಜಿಡ್ ಮತ್ತು ಪಿಎಎಸ್. ಸ್ಯಾನಿಟೋರಿಯಂನಲ್ಲಿ ವಿಶ್ರಾಂತಿ, ಒಳ್ಳೆಯ ಊಟ, ದಾದಿಯರ ಆರೈಕೆ ಇತ್ತು. ಮನೆಯಲ್ಲಿ ಇಕ್ಕಟ್ಟು, ಬಡತನ, ದುಡಿಮೆ. ವರ್ಷದ ಕೊನೆಗೆ ಸ್ಯಾನಿಟೋರಿಯಂ ಗುಂಪಿನ ಶೇ. 92 ಮಂದಿಯಲ್ಲಿ ರೋಗ ಹತೋಟಿಗೆ ಬಂದಿತ್ತು, ಮನೆಯವರಲ್ಲಿ ಶೇ. 86. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಸ್ಯಾನಿಟೋರಿಯಂ ಯುಗ ಮುಗಿಯಲು ಒಂದು ಮುಖ್ಯ ಕಾರಣ.

ಆದರೆ ಮನೆಯ ಗುಂಪಿನ ರೋಗಿಗಳು ಒಂಟಿಯಾಗಿರಲಿಲ್ಲ. ಕೇಂದ್ರದ ದಾದಿಯರು, ಹೆಲ್ತ್ ವಿಸಿಟರ್‌ಗಳು ಅವರ ಬೆನ್ನಿಗಿದ್ದರು. ಹೇಳದೆ ಕೇಳದೆ ಮನೆಗೆ ಹೋಗಿ ಉಳಿದ ಮಾತ್ರೆ ಎಣಿಸುತ್ತಿದ್ದರು, ಮೂತ್ರದ ಮಾದರಿ ತರುತ್ತಿದ್ದರು. ಪಿಎಎಸ್ ನುಂಗಿದ್ದರೆ ಪರೀಕ್ಷೆಯಲ್ಲಿ ಗೊತ್ತಾಗುತ್ತಿತ್ತು. ಗ್ರಾಂಗಟ್ಟಲೆ ನುಂಗಬೇಕಾದ ಆ ಔಷಧ ಹೊಟ್ಟೆ ತೊಳಸುವಂತೆ ಮಾಡುತ್ತಿತ್ತು. ಒಂದೆರಡು ತಿಂಗಳಲ್ಲಿ ಕೆಮ್ಮು, ಜ್ವರ ಇಳಿದ ಮೇಲೆ ಇನ್ನೂ ಹತ್ತು ತಿಂಗಳು ಅದನ್ನು ನುಂಗು ಎಂದರೆ ಯಾರಿಗೂ ಕಷ್ಟವೇ. ತಪ್ಪಿಸಿದರೆ ಕಾಯಿಲೆ ಮರುಕಳಿಸಬಹುದು, ಔಷಧಕ್ಕೆ ಬಗ್ಗದ ರೋಗಾಣು ಬೆಳೆಯಬಹುದು. ರೋಗಿ ತಾನೇ ಔಷಧ ತೆಗೆದುಕೊಳ್ಳುವುದರ ತೊಡಕನ್ನೇ ಕುರಿತು ಫಾಕ್ಸ್ 1958ರಲ್ಲಿ ಲೇಖನ ಬರೆದರು. ಮುಂದೆ ಇದೇ ಕೇಂದ್ರ, ವಾರಕ್ಕೆ ಎರಡೇ ಸಲ ಸಿಬ್ಬಂದಿಯ ಕಣ್ಣೆದುರು ಔಷಧ ಕೊಡುವ ಕ್ರಮವನ್ನೂ ಪರೀಕ್ಷಿಸಿತು.

ಮದರಾಸಿನ ಪಾಠವನ್ನು ದೇಶಕ್ಕೆ ಹಬ್ಬಿಸುವ ಕೆಲಸದಲ್ಲಿ ಬೆಂಗಳೂರಿಗೂ ಪಾಲಿತ್ತು. 1959ರಲ್ಲಿ ಅಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅದರ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಕ್ಷಯದ ಲಕ್ಷಣವಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರೆಂದು ಕಂಡುಬಂತು. ಹಾಗಾದರೆ ಪ್ರತ್ಯೇಕ ಆಸ್ಪತ್ರೆ ಏಕೆ, ಹತ್ತಿರದ ಆರೋಗ್ಯ ಕೇಂದ್ರವೇ ಸಾಕು ಎಂಬ ನಂಬಿಕೆಯ ಮೇಲೆ 1962ರ ರಾಷ್ಟ್ರೀಯ ಕಾರ್ಯಕ್ರಮ ನಿಂತಿತು. ರೋಗಿ ತಿಂಗಳಿಗೊಮ್ಮೆ ಬಂದು ಔಷಧ ಒಯ್ಯಬೇಕಿತ್ತು.

ಮನೆ ಚಿಕಿತ್ಸೆ ದೇಶವ್ಯಾಪಿಯಾಯಿತು, ಮನೆಗೆ ಬರುವವರು ಮಾತ್ರ ಆಗಲಿಲ್ಲ. ಮದರಾಸಿನಷ್ಟು ಸಿಬ್ಬಂದಿ ಹಳ್ಳಿಯ ಯಾವ ಆರೋಗ್ಯ ಕೇಂದ್ರದಲ್ಲಿತ್ತು? ಹಲವೆಡೆ ಔಷಧವೂ ಸಾಲುತ್ತಿರಲಿಲ್ಲ. ಅರ್ಧದಲ್ಲೇ ಬಿಟ್ಟವರು ಬಹಳ. ಅವರಿಗೆ ಆರೋಗ್ಯ ಇಲಾಖೆಯ ದಾಖಲೆಯಲ್ಲಿ ‘ಡಿಫಾಲ್ಟರ್’ ಎಂಬ ಹೆಸರು ಬಿತ್ತು, ಸಾಲ ತೀರಿಸದವರಂತೆ. 1992ರ ಪರಿಶೀಲನೆ ಕಾರ್ಯಕ್ರಮದ ಸೋಲನ್ನು ಒಪ್ಪಿಕೊಂಡಿತು.

1997ರಲ್ಲಿ ಬಂದ ಡಾಟ್ಸ್ ಕ್ರಮ, ಕಣ್ಣೆದುರು ನುಂಗಿಸುವ ಮದರಾಸಿನ ಉಪಾಯವನ್ನು ಮರಳಿ ತಂದಿತು. ಗುಣವಾದವರ ಸಂಖ್ಯೆ ಏರಿತು. ಆದರೂ ಎಷ್ಟೋ ಕಡೆ ವಾರಕ್ಕೆ ಮೂರು ದಿನ ಕೂಲಿ ಬಿಟ್ಟು ಔಷಧದ ಕಡೆಗೆ ನಡೆದು ಬರಬೇಕಾದವರು ರೋಗಿಗಳೇ ಆಗಿದ್ದರು. ಮಾತ್ರೆ ನುಂಗಿದ್ದನ್ನು ಕೇಂದ್ರದ ಬಾಗಿಲಲ್ಲೇ ನಿಂತು ಗುರುತು ಹಾಕಿಕೊಳ್ಳಬಹುದು. ನುಂಗದೆ ಉಳಿದ ಮಾತ್ರೆ ಇರುವುದು ಮನೆಯಲ್ಲಿ. ಅದು ಏಕೆ ಉಳಿಯಿತೆಂದು ಕೇಳಲು ಮದರಾಸಿನ ದಾದಿಯರು ಅಲ್ಲಿಗೇ ಹೋಗುತ್ತಿದ್ದರು.