ಒಂದು ಚಕ್ರ ಜಾರಿದಾಗ

ಮಳೆಗಾಲದ ಕೆಸರಿನಲ್ಲಿ ಹೂತುಹೋದ ವಾಹನವನ್ನು ನೋಡಿದವರು ಒಂದು ವಿಚಿತ್ರವನ್ನು ಗಮನಿಸಿರುತ್ತಾರೆ. ಕೆಸರಿನಲ್ಲಿರುವ ಚಕ್ರ ಗಿರಗಿರನೆ ಸುತ್ತುತ್ತಿರುತ್ತದೆ. ಗಟ್ಟಿ ನೆಲದ ಮೇಲಿರುವ ಅದರ ಜೊತೆಯ ಚಕ್ರವಾದರೋ ಸುಮ್ಮನೆ ನಿಂತಿರುತ್ತದೆ. ಇದು ಚಾಲಕನ ದೋಷವಲ್ಲ, ಡಿಫರೆನ್ಷಿಯಲ್ ಎಂಬ ಯಂತ್ರಭಾಗದ ಸ್ವಭಾವ. ಆ ಸ್ವಭಾವವನ್ನು ತಿದ್ದಲು ನಡೆದ ಪ್ರಯತ್ನಗಳ ಇತಿಹಾಸ ಸ್ವಾರಸ್ಯಕರವಾದುದು. ದುರ್ಗಮ ಹಾದಿಯ ವಾಹನ ಕೊಳ್ಳುವವರಿಗೆ ಉಪಯುಕ್ತವೂ ಹೌದು.

ಎತ್ತಿನ ಗಾಡಿಯ ಗಾಲಿಗಳು ಅಚ್ಚಿನ ಮೇಲೆ ಬೇರೆ ಬೇರೆಯಾಗಿ ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಸಾಗಿದರೂ ಅಡ್ಡಿಯಿಲ್ಲ, ಏಕೆಂದರೆ ಗಾಡಿಯನ್ನು ನಡೆಸುವುದು ಎತ್ತು. ಯಂತ್ರವೇ ಗಾಲಿಗಳನ್ನು ತಿರುಗಿಸಬೇಕಾಗಿ ಬಂದಾಗ ತೊಡಕು ಹುಟ್ಟಿತು. ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕ್ಕರ್ 1820ರ ದಶಕದ ಕೊನೆಯಲ್ಲಿ ಉಗಿಬಂಡಿಗಾಗಿ ಹಲ್ಲುಚಕ್ರಗಳ ಒಂದು ಜೋಡಣೆಯನ್ನು ರೂಪಿಸಿದನು. ಅದು ಎರಡು ಗಾಲಿಗಳಿಗೂ ಸಮಾನ ತಿರುಗುಬಲ ಹಂಚಿ, ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಟ್ಟಿತು. ಆದರೆ ಆ ಸಮಾನತೆಯೇ ಶಾಪವೂ ಆಯಿತು. ಜಾರುವ ಗಾಲಿ ಎಷ್ಟು ಅಲ್ಪ ಬಲವನ್ನು ತಡೆದುಕೊಳ್ಳಬಲ್ಲದೋ ಅಷ್ಟೇ ಬಲ ಗಟ್ಟಿ ನೆಲದ ಗಾಲಿಗೂ ದೊರೆಯುತ್ತದೆ.

ಇದಕ್ಕೆ ಪರಿಹಾರ ಹುಡುಕುವ ಒಂದು ಮುಖ್ಯ ಒತ್ತಾಯ ಬಂದದ್ದು ಕೆಸರಿನಿಂದಲ್ಲ, ಓಟದ ಕಣದಿಂದ. ಫರ್ಡಿನಾಂಡ್ ಪೋರ್ಷೆ ರೂಪಿಸಿದ ಹದಿನಾರು ಸಿಲಿಂಡರಿನ ಆಟೋ ಯೂನಿಯನ್ ಪಂದ್ಯದ ಕಾರು 1934ರಲ್ಲಿ ಕಣಕ್ಕಿಳಿಯಿತು. ಅದರ ಶಕ್ತಿ ಎಷ್ಟಿತ್ತೆಂದರೆ ಹಿಂದಿನ ಒಂದು ಚಕ್ರ ವೃಥಾ ಜಾರಿ ಸುತ್ತುತ್ತಿತ್ತು. ಪೋರ್ಷೆಯ ಬೇಡಿಕೆಯಂತೆ ಜರ್ಮನಿಯ ಜೆಡ್‌ಎಫ್ ಸಂಸ್ಥೆ ಜಾರುವಿಕೆಗೆ ಮಿತಿ ಹಾಕುವ ಡಿಫರೆನ್ಷಿಯಲ್ ತಯಾರಿಸಿತು. ಎರಡನೆಯ ಮಹಾಯುದ್ಧದಲ್ಲಿ ಅದೇ ಬಗೆಯ ಸಾಧನ ಕ್ಯೂಬೆಲ್‌ವ್ಯಾಗನ್ ಎಂಬ ಸೇನಾ ವಾಹನವನ್ನು ಸೇರಿತು. ಹಿಂದಿನ ಎರಡು ಚಕ್ರಗಳಿಗಷ್ಟೇ ಬಲವಿದ್ದ ಆ ಹಗುರ ಬಂಡಿ ಮರಳು, ಕೆಸರುಗಳಲ್ಲಿ ನಡೆದದ್ದಕ್ಕೆ ಇದೂ ಒಂದು ಕಾರಣ.

ಅಮೆರಿಕದಲ್ಲಿ 1956ರ ಪ್ಯಾಕರ್ಡ್ ಕಾರುಗಳಲ್ಲಿ ಕ್ಲಚ್ ಪ್ಲೇಟುಗಳ ಬಗೆ ಬಂದಿತು. 1958ರಲ್ಲಿ ವರ್ನನ್ ಗ್ಲೀಸ್‌ಮನ್ ಸುರುಳಿ ಹಲ್ಲುಗಳ ಇನ್ನೊಂದು ಬಗೆಗೆ ಪೇಟೆಂಟ್ ಪಡೆದನು. ಮುಂದೆ ಟಾರ್ಸೆನ್ ಎಂದು ಹೆಸರಾಗಿ, 1980ರ ದಶಕದಲ್ಲಿ ಅಮೆರಿಕದ ಸೈನ್ಯದ ಹಮ್‌ವೀ ವಾಹನದಲ್ಲಿ ನೆಲೆಗೊಂಡದ್ದು ಅದೇ.

ಹಾಗಾದರೆ ಯಾವುದನ್ನು ಆರಿಸಬೇಕು? ಕ್ಲಚ್ ಪ್ಲೇಟಿನದು ಒಂದು ಚಕ್ರ ನೆಲ ಬಿಟ್ಟಾಗಲೂ ಸ್ಪ್ರಿಂಗಿನ ಒತ್ತಡದಿಂದ ಇನ್ನೊಂದಕ್ಕೆ ಸ್ವಲ್ಪ ಬಲ ಕೊಡುತ್ತದೆ. ಆದರೆ ಪ್ಲೇಟುಗಳು ಸವೆಯುತ್ತವೆ, ತಕ್ಕ ಎಣ್ಣೆಯೂ ಬೇಕು. ಟಾರ್ಸೆನ್‌ನಲ್ಲಿ ಸವೆಯುವ ಪ್ಲೇಟುಗಳ ಗೊಡವೆಯಿಲ್ಲ, ರಸ್ತೆಯಲ್ಲಿ ನಯವಾಗಿ ನಡೆಯುತ್ತದೆ. ಜಾರುವ ಚಕ್ರದ ಬಲವನ್ನು ಅದು ಇನ್ನೊಂದಕ್ಕೆ ಮೂರು ಪಟ್ಟು ಮಾಡಿ ಕೊಡುವುದೆಂದು ಇಟ್ಟುಕೊಳ್ಳೋಣ. ಚಕ್ರ ಗಾಳಿಯಲ್ಲಿ ತೂಗಿದರೆ ಸೊನ್ನೆಯ ಮೂರು ಪಟ್ಟೂ ಸೊನ್ನೆಯೇ! ಆಗ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಆ್ಯಕ್ಸಿಲರೇಟರ್ ಕೊಡಬೇಕು. ಹಮ್‌ವೀ ಚಾಲಕರು ಕಲಿಯುವ ಉಪಾಯವಿದು. ಎರಡು ಚಕ್ರಗಳನ್ನೂ ಬಿಗಿದು ಒಂದಾಗಿಸುವ ಲಾಕರ್ ಬಂಡೆ, ಕೊರಕಲುಗಳಲ್ಲಿ ಎಲ್ಲಕ್ಕಿಂತ ಸಮರ್ಥ. ಗಟ್ಟಿ ರಸ್ತೆಯ ತಿರುವಿನಲ್ಲಿ ಅದನ್ನು ಬಿಡಿಸದಿದ್ದರೆ ಟಯರು ಸವೆದು, ಸ್ಟಿಯರಿಂಗ್ ಹಟ ಹಿಡಿಯುತ್ತದೆ.

ಇನ್ನೊಂದು ಎಚ್ಚರವೂ ಅಗತ್ಯ. ಒಂದು ಪಕ್ಕಕ್ಕೆ ಇಳಿಜಾರಾದ ಒದ್ದೆ ಹಾದಿಯಲ್ಲಿ ಒಂದೇ ಚಕ್ರ ಜಾರಿದರೆ ಇನ್ನೊಂದು ವಾಹನದ ಹಿಂಭಾಗವನ್ನು ಹಿಡಿದಿಡುತ್ತದೆ. ಎರಡೂ ಒಟ್ಟಿಗೆ ಜಾರಿದರೆ ಹಿಂಭಾಗವೇ ಕಣಿವೆಯ ಕಡೆಗೆ ಸರಿಯಬಹುದು. ಸಾಧನ ಬಲವಾದಷ್ಟೂ ಚಾಲಕನ ಪಾದ ಮೃದುವಾಗಿರಬೇಕು.

ಆದ್ದರಿಂದ ಮೊದಲು ಲೆಕ್ಕ ಹಾಕಬೇಕಾದದ್ದು ವರ್ಷದಲ್ಲಿ ಎಷ್ಟು ದಿನ ಕೆಸರು, ಎಷ್ಟು ದಿನ ಡಾಂಬರು ಎಂಬುದನ್ನು. ಹಾದಿಯನ್ನರಿತು ಯಂತ್ರವನ್ನು ಆರಿಸಿದವನಿಗೆ ಹಣವೂ ಉಳಿದೀತು, ಜೀವವೂ ಉಳಿದೀತು.