ಹಿಮ, ಹಳಿ ಮತ್ತು 79ರ ಕತೆ

ಕಳೆದ ಶನಿವಾರ ಎದ್ದು ನೋಡಿದರೆ ಕಿಟಕಿಯಾಚೆ ಎಲ್ಲಾ ಬೆಳ್ಳಗೆ. ರಾತ್ರಿಯಿಡೀ ಹಿಮ ಸುರಿದಿತ್ತು. ಕಾರಿನ ಮೇಲಿನ ಹಿಮ ಕೆರೆಯೋದು ಯಾರಿಗೆ ಬೇಕು ಅಂತ ಜಾಕೆಟ್ಟು, ಟೋಪಿ, ಬೂಟು ಏರಿಸಿಕೊಂಡು ನಡೆದೇ ಹೊರಟೆ, ನೇಪರ್‌ವಿಲ್ ಸ್ಟೇಷನ್ ಕಡೆಗೆ. ಶಿಕಾಗೋದಿಂದ ಪಶ್ಚಿಮಕ್ಕೆ ಸುಮಾರು 45 ಕಿ.ಮೀ. ದೂರದ ಊರು ಇದು. ಅರಸೀಕೆರೆ ಜಂಕ್ಷನ್ನಿನ ಪಕ್ಕ ಬೆಳೆದ ನನಗೆ ರೈಲು ನೋಡೋದು ಚಿಕ್ಕಂದಿನ ಚಟ.

ಬರ್ಲಿಂಗ್ಟನ್ ಕಂಪನಿ 1864ರಲ್ಲಿ ಶಿಕಾಗೋಗೆ ಹಾಕಿದ ನೇರ ಮಾರ್ಗವಿದು. ಇಲ್ಲಿ ಓಡುವ ಲೋಕಲ್ಲುಗಳಲ್ಲಿ ಎರಡಂತಸ್ತಿನ ಗ್ಯಾಲರಿ ಬೋಗಿಗಳಿವೆ. ಇಂಥವನ್ನು ಮೊದಲು, 1950ರಲ್ಲಿ, ತಂದದ್ದೂ ಇದೇ ಕಂಪನಿ. ಮೇಲಂತಸ್ತಿನ ನಡುಭಾಗ ಖಾಲಿ ಬಿಟ್ಟಿರುವುದರಿಂದ ಕಂಡಕ್ಟರು ಕೆಳಗೆ ನಿಂತೇ ಮೇಲಿನವರ ಟಿಕೆಟ್ಟನ್ನೂ ನೋಡಬಹುದು!

ಬೇಲಿಯಾಚೆಯ ರಸ್ತೆಯಲ್ಲಿ ನಡೆಯುತ್ತಿದ್ದಾಗ ಒಂದು ರೈಲು ಹಿಂದಿನಿಂದ ಬಂದು ಹಿಮ ಎರಚಿಕೊಂಡು ಹೋಯಿತು. ಪಕ್ಕಕ್ಕೆ ಬರುವವರೆಗೂ ಗೊತ್ತೇ ಆಗಲಿಲ್ಲ. ಹೊಸ ಹಿಮ ಸದ್ದನ್ನೆಲ್ಲ ಹೀರಿಬಿಡುತ್ತದೆ. ಎದೆ ಧಸಕ್ಕೆಂದಿತು. ಹಿಂದಿನಿಂದ ಬಂದ ರೈಲೊಂದು ಇದೇ ಜಾಗದಲ್ಲಿ ಏನು ಮಾಡಿತ್ತು ಅನ್ನೋದು ನೆನಪಾಯಿತು.

1946ರ ಏಪ್ರಿಲ್ 25, ಮಧ್ಯಾಹ್ನ ಒಂದು ಗಂಟೆ. ಶಿಕಾಗೋ ಬಿಟ್ಟ ಅಡ್ವಾನ್ಸ್ ಫ್ಲೈಯರ್ ಎಂಬ ರೈಲಿನ ಅಡಿಯಿಂದ ಏನೋ ಹಾರಿದಂತಾಯಿತು ಅಂತ ಪರೀಕ್ಷಿಸಲು ಇಲ್ಲಿ ನಿಲ್ಲಿಸಿದರು. ಅದೇ ಹಳಿಯಲ್ಲಿ, ಎರಡು ಮೂರು ನಿಮಿಷದ ಅಂತರದಲ್ಲಿ, ಎಕ್ಸ್‌ಪೊಸಿಷನ್ ಫ್ಲೈಯರ್ ಗಂಟೆಗೆ 80 ಮೈಲಿ ವೇಗದಲ್ಲಿ ಬರುತ್ತಿತ್ತು. ಮೊದಲು ಹಳದಿ ಸಿಗ್ನಲ್, ಆಮೇಲೆ ಕೆಂಪು. ಬ್ರೇಕ್ ಹಾಕಿದರೂ ನಿಲ್ಲಲಿಲ್ಲ. 45 ಜನ ಸತ್ತರು. ಹಳಿಯ ಪಕ್ಕದ ಕ್ರೋಲರ್ ಪೀಠೋಪಕರಣ ಕಾರ್ಖಾನೆಯ ಕೆಲಸಗಾರರು ಓಡಿ ಬಂದು ಗಾಯಾಳುಗಳನ್ನು ಹೊರಗೆ ತೆಗೆದರಂತೆ.

ಸಿಗ್ನಲ್ ಸರಿಯಾಗೇ ಇತ್ತು. ಆದರೆ ಡ್ರೈವರ್ ಕೈಯಲ್ಲಿ ಆಗದಿದ್ದಾಗ ರೈಲನ್ನು ತಾನಾಗೇ ನಿಲ್ಲಿಸುವ ವ್ಯವಸ್ಥೆ ಇರಲಿಲ್ಲ. ಈ ಅಪಘಾತವೇ ಮುಖ್ಯ ಕಾರಣವಾಗಿ ಸರಕಾರ ಒಂದು ನಿಯಮ ತಂದಿತು: ಅಂಥ ವ್ಯವಸ್ಥೆಯೋ, ಕ್ಯಾಬಿನೊಳಗೇ ಕಾಣುವ ಸಿಗ್ನಲ್ಲೋ ಇಲ್ಲದ ಕಡೆ ರೈಲು 80 ಮೈಲಿ ಮುಟ್ಟುವಂತಿಲ್ಲ. 1951ರ ಕೊನೆಗೆ ಜಾರಿಗೆ ಬಂತು. ಇವತ್ತಿಗೂ ಅಮೆರಿಕದ ಬಹುಪಾಲು ಮಾರ್ಗಗಳಲ್ಲಿ ಪ್ರಯಾಣಿಕರ ರೈಲಿಗೆ ಗರಿಷ್ಠ ವೇಗ 79 ಮೈಲಿ. ತಾನಾಗೇ ರೈಲು ನಿಲ್ಲಿಸುವ ಹೊಸ ವ್ಯವಸ್ಥೆಯನ್ನು ಕಡ್ಡಾಯ ಮಾಡಲು 2008ರಲ್ಲಿ ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನಲ್ಲಿ ಇನ್ನೂ 25 ಜನ ಸಾಯಬೇಕಾಯಿತು. ಅದು ಪೂರ್ತಿಯಾಗಿದ್ದು 2020ರಲ್ಲಿ.

ಮೊದಲ ಸಲ 79 ಅಂತ ಓದಿದಾಗ ನಕ್ಕಿದ್ದೆ. 80 ಅಂತ ಇಡಬಾರದಿತ್ತಾ, ಇದ್ಯಾವ ಲೆಕ್ಕ ಅಂತ. ಹಳೇ ಕೋಡಿನಲ್ಲಿ ಇಂಥ ವಿಚಿತ್ರ ಸಂಖ್ಯೆ ಕಂಡರೆ ಹಿಂದೆ ಮುಂದೆ ನೋಡದೆ ಅಳಿಸೋ ಅಭ್ಯಾಸ ನನಗಿದೆ. ಕಳೆದ ತಿಂಗಳು ಹಾಗೆ ಒಂದು ಮಿತಿಯನ್ನು ತೆಗೆದು, ರಾತ್ರಿ ಎರಡು ಗಂಟೆಗೆ ಮತ್ತೆ ಸೇರಿಸಿದ್ದೆ. ನನ್ನ ಕೇಸಿನಲ್ಲಿ ಹೋಗಿದ್ದು ನಿದ್ದೆ ಮಾತ್ರ...

ಸ್ಟೇಷನ್ನಿನಲ್ಲಿ ಆ ದುರಂತದ ನೆನಪಿಗೆ 2014ರಲ್ಲಿ ಇಟ್ಟ ಶಿಲ್ಪವಿದೆ, ಹಳಿಗೆ ಹೊಡೆಯುವ ಮೊಳೆಗಳಿಂದಲೇ ಮಾಡಿದ್ದು. ಅದರ ಹೆಗಲ ಮೇಲೆ ಹಿಮ ಕೂತಿತ್ತು. ಕೈಗವಸಿನಿಂದ ಒಂಚೂರು ಒರೆಸಿ, ನಡೆದುಕೊಂಡೇ ಮನೆಗೆ ಬಂದೆ.

ಸೋಮವಾರ ಆಫೀಸಿಗೆ ಹೋಗಿ ಮೊದಲು ಮಾಡಿದ ಕೆಲಸ: ಆ ಮಿತಿಯ ಪಕ್ಕ, ಅದು ಯಾಕಿದೆ ಅಂತ ಎರಡು ಸಾಲು ಬರೆದಿಟ್ಟೆ.