ಕಾರ್ಲೆಯಲ್ಲಿ ಬನವಾಸಿಯ ಶೆಟ್ಟಿ

ಲೋಣಾವಳದ ಹತ್ತಿರದ ಕಾರ್ಲೆ ಗುಡ್ಡ ಹತ್ತುವವರಲ್ಲಿ ಬುದ್ಧನಿಗಾಗಿ ಬರುವವರು ಕಡಿಮೆ. ಗುಹೆಯ ಬಾಯಿಗೇ ಒತ್ತಿಕೊಂಡು ಏಕವೀರಾ ದೇವಿಯ ಗುಡಿಯಿದೆ. ಮುಂಬೈ ಕಡೆಯ ಕೋಳಿ ಬೆಸ್ತರಿಗೆ ಆಕೆ ಕುಲದೇವತೆ. ಮೆಟ್ಟಿಲುಗಳ ಪಕ್ಕದಲ್ಲಿ ಹೂವು, ತೆಂಗಿನಕಾಯಿ, ಅರಿಸಿನದ ಅಂಗಡಿಗಳು. ನಾನು ಶಿರಸಿಯ ನಾಟಾ ವ್ಯಾಪಾರಿ. ದೇವಿಗೆ ಕೈಮುಗಿದು, ಬೌದ್ಧರು ಬಂಡೆ ಕೊರೆದು ಮಾಡಿದ ಪ್ರಾರ್ಥನಾ ಮಂದಿರವಾದ ಚೈತ್ಯದೊಳಗೆ ಕಾಲಿಟ್ಟರೆ ಕಣ್ಣು ಹೋದದ್ದು ಮರದ ಮೇಲೆ.

ಸುಮಾರು 45 ಅಡಿ ಎತ್ತರದ ಕಮಾನು ಚಾವಣಿಗೆ ಉದ್ದಕ್ಕೂ ಸಾಗವಾನಿಯ ಬಾಗಿದ ಪಟ್ಟಿಗಳು. ಮಗುಚಿಟ್ಟ ದೋಣಿಯ ಒಳಮೈ ನೋಡಿದಂತೆ. ಸರಿಸುಮಾರು ಎರಡು ಸಾವಿರ ವರ್ಷದ ಮರ! ನಮ್ಮಲ್ಲಿ ಮೂವತ್ತು ವರ್ಷಕ್ಕೇ ಜಂತೆಗೆ ಗೆದ್ದಲು ಹತ್ತಿತೆಂದು ಗಿರಾಕಿ ಜಗಳಕ್ಕೆ ಬರುತ್ತಾನೆ. ಈ ಪಟ್ಟಿಗಳು ಯಾವ ಭಾರವನ್ನೂ ಹೊತ್ತಿಲ್ಲ. ಚಾವಣಿ ಎಂದರೆ ಗುಡ್ಡವೇ ತಾನೆ? ಮೊದಲೆಲ್ಲ ಇಂಥ ಮಂದಿರಗಳನ್ನು ಮರದಲ್ಲೇ ಕಟ್ಟುತ್ತಿದ್ದರು. ಕಲ್ಲು ಕೊರೆಯಲು ಹೊರಟಾಗಲೂ ಆ ರೂಢಿ ಬಿಡಲಿಲ್ಲ. ಬಾಗಿಲನ್ನು ಮಾಡಿದವನು ಧೇನುಕಾಕಟ ಎಂಬ ಊರಿನ ಬಡಗಿ ಸಾಮಿ ಎಂದು ಅಲ್ಲಿನ ಶಾಸನವೇ ಹೇಳುತ್ತದೆ. ಬಡಗಿಯ ಹೆಸರು ಕಲ್ಲಿನ ಮೇಲೆ ಉಳಿದದ್ದು ನನಗೆ ಬಹಳ ಹಿಡಿಸಿತು.

ಒಳಗೆ 37 ಕಂಬಗಳು. ಹಲವು ಕಂಬಗಳ ಮೇಲೆ ದಾನಿಗಳ ಹೆಸರಿದೆ. ಧೇನುಕಾಕಟದ ಕೆಲವರು ತಮ್ಮನ್ನು ಯವನರೆಂದು, ಅಂದರೆ ಗ್ರೀಕರೆಂದು, ಕರೆದುಕೊಂಡಿದ್ದಾರೆ. ಸುಗಂಧ ಮಾರುವ ಸಿಂಹದತ್ತ ಒಂದು ಬಾಗಿಲು ಕೊಟ್ಟ. ಹೊರಗಿನ ಸಿಂಹಸ್ತಂಭ ಮಹಾರಠಿ ಮನೆತನದ ಅಗ್ನಿಮಿತ್ರಣಕನದು. ಹೀಗೆ ಹತ್ತಾರು ಜನ ಕೂಡಿ ಮಾಡಿಸಿದ ಕೆಲಸ. ಆದರೆ ವರಾಂಡದ ಎಡತುದಿಯ ಶಾಸನದ ಧಾಟಿಯೇ ಬೇರೆ: ಜಂಬೂದ್ವೀಪದಲ್ಲೇ ಉತ್ತಮವಾದ ಈ ಕಲ್ಲುಮನೆಯನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲ! ವೈಜಯಂತಿ ಎಂದರೆ ನಮ್ಮ ಬನವಾಸಿ ಎಂಬುದೇ ಬಹುಪಾಲು ವಿದ್ವಾಂಸರ ಮಾತು. ವ್ಯಾಪಾರದ ಬುದ್ಧಿ ನನಗೆ ಹೊಸದಲ್ಲ. ಕೊನೆಯ ಕಂತು ಕಟ್ಟಿದ ಶೆಟ್ಟರು ಇಡೀ ಮನೆಗೇ ಹೆಸರು ಹಾಕಿಸಿಕೊಂಡರೋ ಏನೋ. ಹೊಗಳಿಕೆಯಲ್ಲಿ ಮಾತ್ರ ಸುಳ್ಳಿಲ್ಲ. ಭಾರತದ ಕಲ್ಲು ಕೊರೆದ ಚೈತ್ಯಗಳಲ್ಲಿ ಇವತ್ತಿಗೂ ಇದೇ ದೊಡ್ಡದು.

ಬನವಾಸಿಯ ವರದಾ ನದಿಯ ದಂಡೆಯವನಿಗೆ ಇಷ್ಟು ದೂರದಲ್ಲಿ ಏನು ಕೆಲಸ? ಗುಡ್ಡದಿಂದ ಕೆಳಗೆ ನೋಡಿದರೆ ಅರ್ಥವಾಗುತ್ತದೆ. ಕಲ್ಯಾಣ, ಸೋಪಾರದ ಬಂದರುಗಳ ಸರಕು ಬೋರ್ ಘಾಟಿ ಹತ್ತಿ ದಖ್ಖನಿಗೆ ಬರುತ್ತಿದ್ದ ದಾರಿ ಇದು. ಕಾರ್ಲೆ, ಭಾಜೆ, ಬೇಡಸೆ ಮೂರೂ ವಿಹಾರಗಳು ಆ ದಾರಿಯ ಆಸುಪಾಸಿನಲ್ಲೇ ಇವೆ. ಅರಸರೂ ಕೊಟ್ಟರು: ಕ್ಷತ್ರಪ ದೊರೆ ನಹಪಾನನ ಅಳಿಯ ಉಷವದಾತ ಇಲ್ಲಿನ ಭಿಕ್ಷುಗಳ ಮಳೆಗಾಲದ ನಿರ್ವಹಣೆಗೆ ಕರಜಿಕ ಎಂಬ ಹಳ್ಳಿಯನ್ನು ಬಿಟ್ಟ, ಮುಂದೆ ಶಾತವಾಹನರು ಅದನ್ನು ಮುಂದುವರಿಸಿದರು. ಆದರೂ ಈ ಚೈತ್ಯವನ್ನು ಅರಸರ ಕೊಡುಗೆ ಎನ್ನಲು ನನಗೆ ಮನಸ್ಸಿಲ್ಲ. ಇದು ಘಾಟಿ ಹತ್ತಿಳಿದವರ ದುಡ್ಡು.

ಬನವಾಸಿಗೂ ಬೌದ್ಧ ಧರ್ಮ ಪರಕೀಯವಾಗಿರಲಿಲ್ಲ. ಮಧುಕೇಶ್ವರ ಗುಡಿಯಲ್ಲಿರುವ ನಾಗಶಿಲೆಯ ಪ್ರಾಕೃತ ಶಾಸನ, ಚುಟು ವಂಶದ ರಾಜಕುಮಾರಿಯೊಬ್ಬಳು ನಾಗನ ಜೊತೆಗೆ ಕೆರೆಯನ್ನೂ ವಿಹಾರವನ್ನೂ ದಾನ ಮಾಡಿದಳೆಂದು ಹೇಳುತ್ತದೆ. ನಾವು ಬನವಾಸಿ ಎಂದೊಡನೆ ಕದಂಬರಿಂದ ಲೆಕ್ಕ ಶುರು ಮಾಡುತ್ತೇವೆ. ಅದು ಸಾಲದು. ಭೂತಪಾಲ ಕದಂಬರ ಮೂಲಪುರುಷ ಮಯೂರವರ್ಮನಿಗಿಂತ ಇನ್ನೂರು ವರ್ಷಕ್ಕೂ ಹಿಂದಿನವನು.